ಓಟದ ದಿನ ರಸ್ತೆಗೆ ಅಡ್ಡಲಾಗಿ ಏನಿರಬೇಕು: ನೀರಿನ ತಡೆ, ಕಾಂಕ್ರೀಟ್ ತಡೆ, ಮರಳು ತುಂಬಿದ ಟಿಪ್ಪರ್

ಮೈಸೂರಿನಲ್ಲಿ ನಮ್ಮ ಬಳಗ ನಡೆಸುವ ಅರ್ಧ ಮ್ಯಾರಥಾನ್‌ಗೆ ರಸ್ತೆ ಅಡ್ಡಗಟ್ಟುವ ಸಾಮಗ್ರಿಯನ್ನು ಬಾಡಿಗೆಗೆ ತರುವ ಹೊಣೆ ನನ್ನ ಮೇಲಿದೆ. ಕಬ್ಬಿಣದ ಬ್ಯಾರಿಕೇಡ್, ನೀರು ತುಂಬುವ ಪ್ಲಾಸ್ಟಿಕ್ ತಡೆ, ಕಾಂಕ್ರೀಟ್ ತಡೆ ಮತ್ತು ಮರಳು ತುಂಬಿದ ಟಿಪ್ಪರ್ ಈ ನಾಲ್ಕನ್ನೂ ಬೇರೆ ಬೇರೆ ವರ್ಷಗಳಲ್ಲಿ ರಸ್ತೆಗಿಳಿಸಿ ನೋಡಿದ ಮೇಲೆ, ನಮ್ಮಂಥ ಮಧ್ಯಮ ಗಾತ್ರದ, ಪ್ರಾಯೋಜಕರ ಹಣವನ್ನೇ ನೆಚ್ಚಿಕೊಂಡ ಓಟಕ್ಕೆ ಚಾಲಕನ ಸಮೇತ ಬರುವ ಟಿಪ್ಪರ್‌ಗಿಂತ ಉತ್ತಮವಾದುದು ಇನ್ನೊಂದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಇಷ್ಟೆಲ್ಲ ಏರ್ಪಾಡು ಏಕೆ ಎಂದು ಕೇಳುವವರು ಈಗ ಕಡಿಮೆಯಾಗಿದ್ದಾರೆ. 2016ರ ಜುಲೈ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ಜನಸಂದಣಿಯ ಮೇಲೆ ಲಾರಿ ನುಗ್ಗಿಸಿದಾಗ 86 ಮಂದಿ ಸತ್ತರು. 2024ರ ನವೆಂಬರ್ 11ರಂದು ಚೀನಾದ ಝುಹಾಯ್‌ನಲ್ಲಿ ಕ್ರೀಡಾ ಕೇಂದ್ರದ ಆವರಣದಲ್ಲಿ ವ್ಯಾಯಾಮ ಮಾಡುತ್ತಿದ್ದವರ ಮೇಲೆ ಕಾರು ಹರಿದು 35 ಮಂದಿ ಪ್ರಾಣ ಕಳೆದುಕೊಂಡರು. ನಮ್ಮೂರಿನ ಮಟ್ಟಿಗೆ ನಾನು ಹೆಚ್ಚು ಹೆದರುವುದು ಇಂಥ ದುರುದ್ದೇಶಕ್ಕಿಂತ, ರಾತ್ರಿಯೆಲ್ಲ ಗಾಡಿ ಓಡಿಸಿ ಭಾನುವಾರ ನಸುಕಿನಲ್ಲಿ ನಿದ್ದೆಗಣ್ಣಿನಿಂದ ಹುಣಸೂರು ರಸ್ತೆಯಲ್ಲಿ ಊರೊಳಗೆ ಬರುವ ಚಾಲಕನಿಗೆ. ಓಡುತ್ತಿರುವವರಿಗೆ ಎರಡೂ ಒಂದೇ. ಬರುವ ವಾಹನ ಅವರನ್ನು ತಲುಪುವ ಮೊದಲೇ ನಿಲ್ಲಬೇಕು.

ಕಬ್ಬಿಣದ ಬ್ಯಾರಿಕೇಡ್ ವಾಹನವನ್ನು ನಿಲ್ಲಿಸುವ ವಸ್ತುವಲ್ಲ. ಇಲ್ಲಿ ದಾರಿಯಿಲ್ಲ ಎಂದು ತಿಳಿಸುವ ಫಲಕ, ಅಷ್ಟೇ. ವೇಗವಾಗಿ ಬಂದ ಕಾರು ಗುದ್ದಿದರೆ ಅದೇ ಹಾರಿ ಓಟಗಾರರ ಮೇಲೆ ಬೀಳುತ್ತದೆ. ಸ್ಕೂಟರ್, ಬೈಕುಗಳನ್ನು ತಡೆಯಲು ಮತ್ತು ಅಡ್ಡರಸ್ತೆಗಳ ಬಾಯಿಗೆ ಮಾತ್ರ ನಾನು ಅದನ್ನು ತರಿಸುತ್ತೇನೆ.

ಇನ್ನು ನೀರು ತುಂಬುವ ಪ್ಲಾಸ್ಟಿಕ್ ತಡೆ. ಕೆಂಪು, ಬಿಳಿ ಬಣ್ಣದ ಇವು ಖಾಲಿಯಿದ್ದಾಗ ಇಬ್ಬರು ಎತ್ತುವಷ್ಟು ಹಗುರ, ಒಂದೇ ಲಾರಿಯಲ್ಲಿ ರಾಶಿ ರಾಶಿ ಬರುತ್ತವೆ, ಬಾಡಿಗೆಯೂ ಕೈಗೆಟಕುತ್ತದೆ. ಕೊಟೇಶನ್ ಓದುವಾಗ ಇದಕ್ಕಿಂತ ಸುಲಭವಾದುದು ಬೇರೆ ಇಲ್ಲವೆನಿಸುತ್ತದೆ. ಆದರೆ ಆ ಕಾಗದದಲ್ಲಿ ನೀರಿನ ಮಾತೇ ಇರುವುದಿಲ್ಲ. ನಮಗೆ ಬಂದ 2 ಮೀಟರ್ ಉದ್ದದ ಒಂದು ಖಂಡಕ್ಕೆ ಸುಮಾರು 400 ಲೀಟರ್ ನೀರು ಬೇಕಿತ್ತು. ಹದಿನಾಲ್ಕು ಮೀಟರ್ ಅಗಲದ ರಸ್ತೆಗೆ ಏಳು ಖಂಡ, ಅಂದರೆ 2,800 ಲೀಟರ್. ಅಂಥ ಐದು ಬಾಯಿಗಳನ್ನು ಮುಚ್ಚಲು 14,000 ಲೀಟರ್. ಅಷ್ಟು ನೀರನ್ನು ತುಂಬಬೇಕಾದದ್ದು ಹಗಲಿನಲ್ಲಿ ಅಲ್ಲ, ರಸ್ತೆ ನಮ್ಮ ಕೈಗೆ ಬರುವ ಮಧ್ಯರಾತ್ರಿಯ ನಂತರ. ಟ್ಯಾಂಕರ್‌ಗೆ ಇರುವುದು ಒಂದೇ ಪೈಪು, ತಡೆಯ ಮೇಲಿನ ಬಾಯಿ ಅಂಗೈಗಿಂತ ಚಿಕ್ಕದು. ಒಂದು ವೃತ್ತದಲ್ಲಿ ತುಂಬಿ ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬೆಳಗಿನ ಜಾವ ಆಗಿರುತ್ತದೆ.

ನನ್ನನ್ನು ನಿಜವಾಗಿ ಕಂಗೆಡಿಸಿದ್ದು ತಳದ ಮುಚ್ಚಳ. ನಮಗೆ ಸರಬರಾಜು ಮಾಡಿದವರು ರಸ್ತೆ ಕಾಮಗಾರಿಯಿಂದ ನೇರವಾಗಿ ಎತ್ತಿಕೊಂಡು ಬಂದ ತಡೆಗಳನ್ನೇ ಇಳಿಸಿದ್ದರು. ಕೆಲವಕ್ಕೆ ರಬ್ಬರ್ ವಾಷರ್ ಇರಲಿಲ್ಲ; ಕೆಲವಕ್ಕೆ ಮುಚ್ಚಳವೇ ಇರದೆ ಬಟ್ಟೆಯ ಚೂರು ತುರುಕಲಾಗಿತ್ತು. ರಾತ್ರಿ ತುಂಬಿದ ನೀರು ಹನಿ ಹನಿಯಾಗಿ ಸೋರಿ ಬೆಳಗಾಗುವಷ್ಟರಲ್ಲಿ ಅರ್ಧಕ್ಕಿಳಿದಿತ್ತು. ಪ್ಲಾಸ್ಟಿಕ್ ಪಾರದರ್ಶಕವಲ್ಲದ ಕಾರಣ ತುಂಬಿದ ತಡೆಯೂ ಖಾಲಿ ತಡೆಯೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ನಾನು ಟಾರ್ಚ್ ಹಿಡಿದು ಸಾಲಿನುದ್ದಕ್ಕೂ ನಡೆಯುತ್ತಾ, ಬೆರಳಿನ ಗೆಣ್ಣಿನಿಂದ ಒಂದೊಂದನ್ನೂ ತಟ್ಟಿ, ಟೊಳ್ಳು ಸದ್ದು ಎಲ್ಲಿಂದ ಶುರುವಾಗುತ್ತದೆ ಎಂಬುದರ ಮೇಲೆ ನೀರಿನ ಮಟ್ಟ ಗುರುತಿಸಬೇಕಾಯಿತು. ಸುತ್ತಲಿನ ಡಾಂಬರು ಒದ್ದೆಯಾಗಿದ್ದರೆ ಸೋರುತ್ತಿದೆ ಎಂದು ತಿಳಿಯಬಹುದು, ಆದರೆ ತುಂಬುವಾಗ ಚೆಲ್ಲಿದ ನೀರೂ ಅಲ್ಲೇ ನಿಂತಿರುತ್ತದೆ. ಹೀಗೆ ತೂಕವನ್ನು ನಂಬಿ ತಂದ ವಸ್ತುವಿನ ತೂಕವೇ ನಂಬಿಕೆಗೆ ಅರ್ಹವಲ್ಲದಿದ್ದರೆ ಅದನ್ನು ಓಟಗಾರರ ಮುಂದೆ ನಿಲ್ಲಿಸುವುದು ಹೇಗೆ?

ಖಾಲಿ ಮಾಡುವುದು ಅದಕ್ಕಿಂತ ಕಷ್ಟ. ರಸ್ತೆಯನ್ನು ಇಂತಿಷ್ಟು ಹೊತ್ತಿಗೆ ಬಿಟ್ಟುಕೊಡಬೇಕೆಂದು ಸಂಚಾರ ಪೊಲೀಸರು ಅನುಮತಿ ಪತ್ರದಲ್ಲೇ ಬರೆದಿರುತ್ತಾರೆ. ಧೂಳು ಕಚ್ಚಿಕೊಂಡ ಮುಚ್ಚಳದ ತಿರುಪು ಕೈಗೆ ಬಗ್ಗುವುದಿಲ್ಲ, ಸ್ಪ್ಯಾನರ್ ಹಾಕಿದರೆ ಅಂಚು ಒಡೆಯುತ್ತದೆ. ತೆರೆದುಕೊಂಡ ಮೇಲೆ ನೀರು ಹರಿಯುವುದು ರಸ್ತೆಯ ಮೇಲೆಯೇ. ಕೊನೆಯಲ್ಲಿ ನಡೆದು ಬರುತ್ತಿರುವ ಹಿರಿಯರು, ಮಕ್ಕಳು ಅದರ ಮೇಲೆ ಕಾಲಿಟ್ಟು ಬರಬೇಕು. ಬೋಗಾದಿ ರಸ್ತೆಯ ಮನೆಯೊಂದರಿಂದ ಹೊರಬಂದ ಅಜ್ಜಿಯೊಬ್ಬರು, "ಬೇಸಿಗೇಲಿ ಇಷ್ಟು ನೀರನ್ನ ಮೋರಿಗೆ ಬಿಡ್ತೀರಲ್ಲಪ್ಪಾ, ಗಿಡಕ್ಕಾದ್ರೂ ಹಾಕಬಾರದಾ?" ಎಂದು ಕೇಳಿದರು. ಅವರ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕಟ್ಟಡ ಕಾಮಗಾರಿಗೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ ಮೇಲಂತೂ, ಬೇಸಿಗೆಯ ಓಟಕ್ಕೆ ಇವನ್ನು ತರುವವರು ಸಂಸ್ಕರಿಸಿದ ನೀರಿನ ಟ್ಯಾಂಕರನ್ನೇ ಮೊದಲು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಕಾಂಕ್ರೀಟ್ ತಡೆಯ ಗಟ್ಟಿತನದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಒಂದೊಂದು ತುಂಡೂ ಟನ್ ಲೆಕ್ಕದ ತೂಕವಿದ್ದು, ಕೊಂಡಿಗಳಿಂದ ಒಂದಕ್ಕೊಂದು ಜೋಡಿಸಿದರೆ ನಾಲ್ಕರಲ್ಲಿ ಅತ್ಯಂತ ಭರವಸೆಯ ಸಾಲು ಅದೇ. ಆದರೆ ಇಳಿಸಲು ಹೈಡ್ರಾ ಎಂಬ ಓಡಾಡುವ ಕ್ರೇನ್ ಬೇಕು, ಎತ್ತಲು ಮತ್ತೆ ಹೈಡ್ರಾ ಬೇಕು, ಸಾಗಿಸಲು ಟ್ರೈಲರ್ ಬೇಕು; ತಡೆಯ ಬಾಡಿಗೆಗಿಂತ ಇವುಗಳ ಬಾಡಿಗೆಯೇ ಮೇಲಾಗುತ್ತದೆ. ಓಟದ ನಡುವೆ ಯಾರಾದರೂ ಕುಸಿದು ಬಿದ್ದರೆ ಆಂಬುಲೆನ್ಸ್‌ಗೆ ದಾರಿ ಬಿಡಲು ಅದನ್ನು ಸರಿಸುವಂತಿಲ್ಲ.

ಇಲ್ಲಿಯೇ ಟಿಪ್ಪರ್ ಗೆಲ್ಲುವುದು. ಆರು ಚಕ್ರದ ಟಿಪ್ಪರ್ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ತುಂಬಿಕೊಂಡು ಕಾನೂನಿನ ಮಿತಿಯೊಳಗೇ ಸುಮಾರು 18 ಟನ್ ತೂಗುತ್ತದೆ. ತಾನೇ ಓಡಿಕೊಂಡು ಬಂದು, ರಸ್ತೆಗೆ ಅಡ್ಡಲಾಗಿ ನಿಂತು, ಕೆಲಸ ಮುಗಿದ ಮೇಲೆ ತಾನೇ ಹೊರಟುಹೋಗುತ್ತದೆ. ಆಂಬುಲೆನ್ಸ್ ಬಂದರೆ ಚಾಲಕ ಗಾಡಿ ಶುರುಮಾಡಿ ನಾಲ್ಕು ಮಾರು ಹಿಂದಕ್ಕೆ ತೆಗೆದರಾಯಿತು. ತೆಗೆದಷ್ಟೇ ಬೇಗ ಮತ್ತೆ ಮುಂದಕ್ಕೆ ತರಬೇಕೆಂಬುದನ್ನು ಮಾತ್ರ ಚಾಲಕರಿಗೆ ಮನದಟ್ಟು ಮಾಡಿಸಬೇಕು. 2025ರ ಮೇ 26ರಂದು ಲಿವರ್‌ಪೂಲ್‌ನಲ್ಲಿ ಫುಟ್‌ಬಾಲ್ ತಂಡದ ವಿಜಯ ಮೆರವಣಿಗೆಗೆ ಸೇರಿದ್ದ ಜನರ ಮೇಲೆ ಕಾರು ಹರಿದು ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆಂಬುಲೆನ್ಸ್‌ಗಾಗಿ ತಾತ್ಕಾಲಿಕವಾಗಿ ತೆರೆದಿದ್ದ ದಾರಿಯಲ್ಲಿ ಆ ಕಾರು ಅದರ ಬೆನ್ನಿಗೇ ಒಳಹೊಕ್ಕಿತೆಂದು ಪೊಲೀಸರು ಆಗ ಹೇಳಿದ್ದರು. ಆದ್ದರಿಂದ ನಮ್ಮಲ್ಲಿ ಟಿಪ್ಪರ್ ಸರಿದ ಕೂಡಲೇ ಇಬ್ಬರು ಸ್ವಯಂಸೇವಕರು ಬ್ಯಾರಿಕೇಡ್ ಎಳೆದು ನಿಲ್ಲುತ್ತಾರೆ, ಆಂಬುಲೆನ್ಸ್ ದಾಟುತ್ತಿದ್ದಂತೆ ಟಿಪ್ಪರ್ ಮರಳಿ ತನ್ನ ಜಾಗಕ್ಕೆ ಬರುತ್ತದೆ.

ಟಿಪ್ಪರ್‌ಗೂ ಅದರದೇ ಆದ ಕಿರಿಕಿರಿಗಳಿವೆ. ಚಾಲಕ ಕೀಲಿ ತೆಗೆದುಕೊಂಡು ಟೀ ಕುಡಿಯಲು ಹೋದರೆ ಅದು ಕಾಂಕ್ರೀಟ್ ತಡೆಗಿಂತಲೂ ಅಲುಗದ ವಸ್ತುವಾಗುತ್ತದೆ. ಅದಕ್ಕಾಗಿ ಉಪ್ಪಿಟ್ಟು, ಟೀ ಎಲ್ಲವನ್ನೂ ಕ್ಯಾಬಿನ್‌ಗೇ ತಲುಪಿಸುತ್ತೇವೆ, ಮತ್ತು ಗಾಡಿಗಳ ನಡುವೆ ಒಬ್ಬ ಬದಲಿ ಚಾಲಕನನ್ನು ಇಟ್ಟುಕೊಳ್ಳುತ್ತೇವೆ. ಮರಳಿನ ಮೇಲೆ ಟಾರ್ಪಾಲು ಕಟ್ಟಿಸದಿದ್ದರೆ ಉದುರಿದ ಪುಡಿಯ ಮೇಲೆ ಓಟಗಾರರು ಜಾರುತ್ತಾರೆ. ಭಾರಿ ವಾಹನಗಳಿಗೆ ನಿರ್ಬಂಧವಿರುವ ರಸ್ತೆಗಳಿಗೆ ಪೊಲೀಸರಿಂದ ಪ್ರತ್ಯೇಕ ಪತ್ರ ಬೇಕು.

ಇದಕ್ಕಿಂತ ಮುಖ್ಯವಾದುದು ಪಕ್ಕದ ಸಂದು. 2025ರ ಜನವರಿ 1ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ರಸ್ತೆಗೆ ಅಡ್ಡಲಾಗಿ ಪೊಲೀಸ್ ವಾಹನ ನಿಂತಿದ್ದರೂ ದಾಳಿಕೋರ ಪಾದಚಾರಿ ಮಾರ್ಗದ ಮೇಲೆ ಪಿಕಪ್ ಹತ್ತಿಸಿ ಅದನ್ನು ಸುತ್ತಿ ಒಳನುಗ್ಗಿದ. 14 ಮಂದಿ ಸತ್ತರು. ತಡೆಗಳ ನಡುವಿನ ಸಂದು 1.2 ಮೀಟರ್ ಮೀರಬಾರದು ಎಂಬುದು ಈ ವಿಷಯದಲ್ಲಿ ಬ್ರಿಟನ್ನಿನ ಮಾರ್ಗಸೂಚಿ. ಗಾಲಿಕುರ್ಚಿ ದಾಟಲು ಅಷ್ಟು ಸಾಕು, ಆದರೆ ನಮ್ಮ ಆಟೊದ ಅಗಲ ಸುಮಾರು 1.3 ಮೀಟರ್ ಇರುವುದರಿಂದ ಅದೂ ನುಸುಳಲಾರದು. ನಾನು 1.2 ಮೀಟರಿಗೆ ಕತ್ತರಿಸಿದ ಬಿದಿರಿನ ಕೋಲೊಂದನ್ನು ಹಿಡಿದುಕೊಂಡೇ ಪ್ರತಿ ವೃತ್ತಕ್ಕೂ ಹೋಗುತ್ತೇನೆ. ಟಿಪ್ಪರಿನ ಬಂಪರ್‌ನಿಂದ ಮರದ ಬುಡಕ್ಕೆ, ಹಿಂದಿನ ಚಕ್ರದಿಂದ ಕಾಂಪೌಂಡ್ ಗೋಡೆಗೆ ಕೋಲು ಹಿಡಿದು ನೋಡಿ, ಹೆಚ್ಚಿದ್ದಲ್ಲಿ ಇನ್ನೊಂದು ಗಾಡಿಯನ್ನು ತುಸು ಹಿಂದೆ, ಮೊದಲನೆಯದರ ತುದಿಯನ್ನು ಮರೆಮಾಡುವಂತೆ ನಿಲ್ಲಿಸುತ್ತೇವೆ.

ನಿಂತ ಟಿಪ್ಪರ್ ಪರೀಕ್ಷೆಗೆ ಒಳಪಟ್ಟ ತಡೆಯಲ್ಲ ಎಂಬುದನ್ನು ಒಪ್ಪಲೇಬೇಕು. ಹೊರದೇಶಗಳಲ್ಲಿ 7.5 ಟನ್ ಲಾರಿಯನ್ನು ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ಪ್ರಮಾಣೀಕರಿಸಿದ ಜೋಡಿಸುವ ಉಕ್ಕಿನ ತಡೆಗಳಿವೆ; ನಮ್ಮ ಬಜೆಟ್ಟಿಗೆ ಅವು ದೂರ. ಹಾಗಾಗಿ ವೇಗವನ್ನೇ ಮೊದಲು ಮುರಿಯುವುದು ನಮ್ಮ ಕ್ರಮ. ಟಿಪ್ಪರಿಗಿಂತ ಸಾಕಷ್ಟು ಮುಂಚೆಯೇ ಬ್ಯಾರಿಕೇಡ್‌ಗಳನ್ನು ಅಂಕುಡೊಂಕಾಗಿ ನಿಲ್ಲಿಸಿದರೆ 60ರ ವೇಗದಲ್ಲಿ ಬರುವ ಚಾಲಕ 30ಕ್ಕೆ ಇಳಿಯುತ್ತಾನೆ, ವೇಗ ಅರ್ಧವಾದರೆ ಗುದ್ದಿನ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ.

ಇನ್ನೊಂದು ಮಾತು ಜನರು ಹೊರಹೋಗುವ ದಾರಿಯದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ತೀರಿಕೊಂಡದ್ದು ನಮ್ಮೆಲ್ಲರ ಕಣ್ಣೆದುರಿಗಿದೆ. ವಾಹನ ತಡೆಯುವ ಸಾಲು ಜನರನ್ನು ಕೂಡಿಹಾಕುವ ಗೋಡೆಯಾಗಬಾರದು. ಒಂದಕ್ಕೊಂದು ಕೊಂಡಿ ಹಾಕಿದ ನೀರಿನ ತಡೆಗಳೂ ಕಾಂಕ್ರೀಟ್ ತಡೆಗಳೂ ಸಂದು ಬಿಡದಿದ್ದರೆ ಅಂಥ ಗೋಡೆಗಳೇ. ಟಿಪ್ಪರ್‌ನ ಎರಡೂ ಪಕ್ಕದಲ್ಲಿ ಮನುಷ್ಯರಿಗೆ ದಾರಿ ಉಳಿಯುತ್ತದೆ.

ಮುಂದಿನ ಓಟಕ್ಕೆ ನಾನು ಬರೆದುಕೊಟ್ಟಿರುವ ಪಟ್ಟಿ ಹೀಗಿದೆ: ದೊಡ್ಡ ರಸ್ತೆಗಳ ಬಾಯಿಗೆ ಟಿಪ್ಪರ್, ಅಡ್ಡರಸ್ತೆಗಳಿಗೆ ಬ್ಯಾರಿಕೇಡ್, ಓಟ ಮುಗಿಯುವ ಮೈದಾನದ ಅಂಚಿನಲ್ಲಿ ಮಾತ್ರ ನೀರಿನ ತಡೆ, ಏಕೆಂದರೆ ಅಲ್ಲಿ ಬಿಟ್ಟ ನೀರು ನೇರವಾಗಿ ಮರಗಳಿಗೆ ಹೋಗುತ್ತದೆ. ಎರಡು ಮೂರು ದಿನ ಒಂದೇ ಜಾಗದಲ್ಲಿ ನಡೆಯುವ ಕ್ರೀಡಾಕೂಟವಾಗಿದ್ದು ಹಣಕ್ಕೆ ಕೊರತೆಯಿಲ್ಲದಿದ್ದರೆ ಕಾಂಕ್ರೀಟನ್ನೇ ಆರಿಸಿ, ಒಂದು ಬಾಯಿಯನ್ನು ಮಾತ್ರ ಟಿಪ್ಪರಿಗೆ ಬಿಡಿ. ಟಿಪ್ಪರ್ ಬಾಡಿಗೆಗೆ ಹಿಡಿಯುವಾಗ ಮರಳು ತುಂಬಿಯೇ ಬರಬೇಕು, ಚಾಲಕ ಸೀಟು ಬಿಡಬಾರದು, ವಿಮೆಯ ಪ್ರತಿಯನ್ನು ಹಿಂದಿನ ದಿನವೇ ಕೊಡಬೇಕು ಎಂಬ ಮೂರನ್ನೂ ಮುಂಗಡ ಕೊಡುವ ಮೊದಲು ಬರೆಸಿಕೊಳ್ಳಿ.