ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ನಂತರ: ಶಾಲೆಯ ಸಿಕ್ಸ್ತ್ ಫಾರ್ಮೋ, ಪ್ರತ್ಯೇಕ ಕಾಲೇಜೋ?

ಜಿಸಿಎಸ್‌ಇ ಎಂದರೆ ಹದಿನಾರನೇ ವಯಸ್ಸಿನ ಸುಮಾರಿಗೆ ಬರೆಯುವ ಶಾಲಾ ಪರೀಕ್ಷೆ; ಸಿಕ್ಸ್ತ್ ಫಾರ್ಮ್ ಎಂದರೆ ಅದಾದ ಮೇಲೆ ಶಾಲೆಯಲ್ಲೇ ಓದು ಮುಂದುವರಿಸುವ ವಿಭಾಗ. ಎರಡೂ ಕಡೆ ಸಾಮಾನ್ಯವಾಗಿ ಮೂರು ಎ-ಲೆವೆಲ್ (ವಿಶ್ವವಿದ್ಯಾಲಯಕ್ಕೆ ಮುಂಚಿನ ಹಂತ) ವಿಷಯ, ಎರಡು ವರ್ಷ. ವ್ಯತ್ಯಾಸವಿರುವುದು ದಿನಚರಿಯಲ್ಲಿ. ಶಾಲೆಯಲ್ಲಿ ದಿನಾ ಬೆಳಗ್ಗೆ ಹಾಜರಿ, ಹಲವೆಡೆ ಬಿಡುವಿನ ಪಿರಿಯಡ್‌ನಲ್ಲೂ ಸ್ಟಡಿ ರೂಮಿನಲ್ಲಿ ಕೂರಬೇಕು. ಹನ್ನೊಂದನೇ ವಯಸ್ಸಿನಿಂದ ಬಲ್ಲ ಮೇಷ್ಟರಾದ್ದರಿಂದ ಮಗು ಹಿಂದೆ ಬಿದ್ದರೆ ಬೇಗ ಗೊತ್ತಾಗುತ್ತದೆ. ತಾನಾಗಿ ಓದಲು ಕೂರದವರಿಗೆ ಇದೇ ಮೇಲು.

ಕಾಲೇಜಿನಲ್ಲಿ ಸಮವಸ್ತ್ರವಿಲ್ಲ, ಅಧ್ಯಾಪಕರನ್ನು ಹೆಸರು ಹಿಡಿದೇ ಕರೆಯುವುದು ವಾಡಿಕೆ, ವಿಷಯಗಳ ಆಯ್ಕೆಯೂ ದೊಡ್ಡದು. ಚಿಕ್ಕ ಶಾಲೆಯಲ್ಲಿ ಫರ್ದರ್ ಮ್ಯಾಥ್ಸ್‌ಗೆ (ಹೆಚ್ಚುವರಿ ಗಣಿತದ ಎ-ಲೆವೆಲ್) ನಾಲ್ಕೇ ಮಕ್ಕಳು ಬಂದರೆ ಆ ತರಗತಿಯೇ ನಡೆಯದಿರಬಹುದು. ಎಂಜಿನಿಯರಿಂಗ್ ಮನಸ್ಸಿದ್ದರೆ ಮೊದಲು ಇದನ್ನೇ ವಿಚಾರಿಸಿ.

ಜಿಸಿಎಸ್‌ಇಯಲ್ಲಿ ಗಣಿತ ಅಥವಾ ಇಂಗ್ಲಿಷಿಗೆ ಗ್ರೇಡ್ 4 (ಪಾಸ್ ಎಂದು ಪರಿಗಣಿಸುವ ಮಟ್ಟ) ಬಾರದಿದ್ದರೆ ಎಲ್ಲಿ ಸೇರಿದರೂ ಅದನ್ನು ಮುಂದುವರಿಸಲೇಬೇಕು. ಪ್ರವೇಶ ಖಚಿತವಾಗುವುದು ಆಗಸ್ಟ್ ಫಲಿತಾಂಶದ ಮೇಲೆ. ಹಾಗಾಗಿ ಎರಡೂ ಕಡೆ ಅರ್ಜಿ ಹಾಕಿಡಿ.