ಅಳತೆ ಕೊಟ್ಟು ಕಟ್ಟಿಸುವ ಸ್ಟೀಲ್ ಹಾರ್ಡ್‌ಟೇಲ್ ಫ್ರೇಮ್: ದುಡ್ಡು ಎಲ್ಲಿ ದಕ್ಕುತ್ತದೆ, ಎಲ್ಲಿ ದಕ್ಕುವುದಿಲ್ಲ

ಅಳತೆ ಕೊಟ್ಟು ಸ್ಟೀಲ್ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್) ಕಟ್ಟಿಸಲು ಹೊರಟವರು ಮೊದಲು ಕೇಳುವುದು ಟ್ಯೂಬ್ ಯಾವುದು ಅಂತ. ರೆನಾಲ್ಡ್ಸ್ 853 ಹಾಕಿಸಲೋ, 725 ಹಾಕಿಸಲೋ, ಸಾದಾ 4130 ಕ್ರೋಮೋಲಿ ಸಾಕೋ? ಈ ಪ್ರಶ್ನೆ ಐದನೆಯದೋ ಆರನೆಯದೋ ಆಗಬೇಕಿತ್ತು. ಫ್ರೇಮ್ ಚೆನ್ನಾಗಿದೆಯೇ ಇಲ್ಲವೇ ಎಂಬುದು ಬಿಬಿಯ (ಬಾಟಮ್ ಬ್ರ್ಯಾಕೆಟ್, ಪೆಡಲ್ ಕ್ರ್ಯಾಂಕಿನ ಅಚ್ಚು ಕೂರುವ ಜಾಗ) ಹಿಂದಿನ ಒಂದು ಗೇಣು ಜಾಗದಲ್ಲಿ, ಫೋರ್ಕ್ ಕುಸಿದಾಗಿನ ಕೋನಗಳಲ್ಲಿ, ಬೆಸುಗೆ ಮುಗಿದ ಮೇಲಿನ ರೀಮಿಂಗ್ (ಟ್ಯೂಬಿನ ಒಳಮೈ ಕೊರೆದು ದುಂಡಗೆ ಮಾಡುವುದು) ಮತ್ತು ಫೇಸಿಂಗ್ (ಅಂಚು ಸಮ ಮಾಡುವುದು) ಕೆಲಸದಲ್ಲಿ ತೀರ್ಮಾನವಾಗುತ್ತದೆ.

ಟ್ಯೂಬಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಸ್ಟೀಲ್ ಯಾವುದೇ ಇರಲಿ, ಅದರ ಬಿಗುವು ಹೆಚ್ಚೂಕಡಿಮೆ ಒಂದೇ; 853 ಆಗಲಿ 4130 ಆಗಲಿ ಬಾಗುವುದು ಒಂದೇ ಪ್ರಮಾಣದಲ್ಲಿ. ವ್ಯತ್ಯಾಸ ಇರುವುದು ಮುರಿಯುವ ಶಕ್ತಿಯಲ್ಲಿ. 853 ಬೆಸುಗೆಯ ಶಾಖ ಆರುವಾಗ ಗಾಳಿಯಲ್ಲೇ ಇನ್ನಷ್ಟು ಗಟ್ಟಿಯಾಗುತ್ತದೆ, ಆದ್ದರಿಂದ ಗೋಡೆಯನ್ನು ತೆಳ್ಳಗೆ ಇಡಬಹುದು. ಅದರಿಂದ ಎಷ್ಟು ಉಳಿಯುತ್ತದೆ? 38 ಮಿ.ಮೀ. ವ್ಯಾಸದ ಡೌನ್ ಟ್ಯೂಬಿನಲ್ಲಿ (ಹ್ಯಾಂಡಲ್ ಕಡೆಯಿಂದ ಬಿಬಿಗೆ ಇಳಿಯುವುದು) ಗೋಡೆಯನ್ನು ತುದಿ, ನಡು, ತುದಿಗಳಲ್ಲಿ 0.9/0.6/0.9ರಿಂದ 0.8/0.5/0.8 ಮಿ.ಮೀ.ಗೆ ಇಳಿಸಿದರೆ 700 ಮಿ.ಮೀ. ಉದ್ದಕ್ಕೆ ಸುಮಾರು 65 ಗ್ರಾಂ. 31.8ರ ಟಾಪ್ ಟ್ಯೂಬಿನಲ್ಲಿ ಇನ್ನೊಂದು 45 ಗ್ರಾಂ. ಹಿಂದಿನ ಟೈರನ್ನು ಒಂದು ದರ್ಜೆ ಹಗುರದ್ದಕ್ಕೆ ಬದಲಿಸಿದರೆ ಇದಕ್ಕಿಂತ ಹೆಚ್ಚು ಉಳಿಯುತ್ತದೆ. ಬಿಗುವು ಬೇಕೆಂದರೆ ವ್ಯಾಸ ಹೆಚ್ಚಿಸಬೇಕು. ಗೋಡೆ ಅಷ್ಟೇ ಇದ್ದರೆ ಬಿಗುವು ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ 35 ಮಿ.ಮೀ. ಸಾಕೋ 38 ಬೇಕೋ ಎಂಬ ಪ್ರಶ್ನೆಯನ್ನು ಸವಾರರ ತೂಕ ಹೇಳಿ ಕೇಳಿ. ಅದಕ್ಕೆ ಬರುವ ಉತ್ತರ ಬ್ರ್ಯಾಂಡಿನ ಸ್ಟಿಕ್ಕರ್‌ಗಿಂತ ಉಪಯೋಗದ್ದು.

ಸ್ಟೀಲ್ ಮೆತ್ತಗೆ ಓಡುತ್ತದೆ ಎಂಬ ಮಾತಿಗೂ ಇಲ್ಲೇ ಒಂದು ಮಿತಿ ಹಾಕಬೇಕು. ತ್ರಿಕೋನವಾಗಿ ಕಟ್ಟಿದ ಹಿಂಭಾಗ ಮೇಲೆ ಕೆಳಗೆ ಬಾಗುವುದು ಬಹಳ ಕಡಿಮೆ. 2.4 ಇಂಚಿನ ಟೈರು ಒಂದು ಕಲ್ಲಿಗೆ ಎಷ್ಟು ಒಳಗೆ ಹೋಗುತ್ತದೋ ಅದರ ಮುಂದೆ ಫ್ರೇಮಿನ ಬಾಗು ಲೆಕ್ಕಕ್ಕೇ ಬರುವುದಿಲ್ಲ. ಅಡ್ಡಡ್ಡ ತಿರುವಿನಲ್ಲಿ ಸ್ಟೀಲ್ ತುಸು ಬಳುಕುವುದು ನಿಜ, ಇಳಿಜಾರಿನ ಓರೆ ನೆಲದಲ್ಲಿ ಅದು ಹಿತವಾಗಿಯೇ ಇರುತ್ತದೆ. ಆದರೆ ಬೆನ್ನಿಗೆ ಆರಾಮ ಬೇಕೆಂದು ಈ ಫ್ರೇಮ್ ಕಟ್ಟಿಸುವವರು ಆ ದುಡ್ಡನ್ನು ಒಳ್ಳೆಯ ಟೈರು ಮತ್ತು 30 ಮಿ.ಮೀ. ಒಳ ಅಗಲದ ರಿಮ್ಮಿಗೆ ಹಾಕುವುದು ಲೇಸು.

ಇನ್ನು ನಕ್ಷೆ. ಕಟ್ಟುವವರು ಕಳಿಸುವ ಡ್ರಾಯಿಂಗಿನಲ್ಲಿ ಮೊದಲು ನೋಡಬೇಕಾದ್ದು, ಕೋನಗಳನ್ನು ಫೋರ್ಕ್ ಪೂರ್ತಿ ನಿಂತಾಗ ಅಳೆದದ್ದೋ, ಸ್ಯಾಗ್ (ಸವಾರರ ಭಾರಕ್ಕೆ ಆಗುವ ಕುಸಿತ) ಆದ ಮೇಲೆ ಅಳೆದದ್ದೋ ಎಂಬುದು. ಹಾರ್ಡ್‌ಟೇಲಿನಲ್ಲಿ ಕುಸಿಯುವುದು ಮುಂಭಾಗ ಮಾತ್ರ. 130 ಮಿ.ಮೀ. ಫೋರ್ಕಿಗೆ 20 ಶೇಕಡ ಸ್ಯಾಗ್ ಇಟ್ಟರೆ 26 ಮಿ.ಮೀ. ಹೋಯಿತು. ಫೋರ್ಕಿನ ಉದ್ದ 20 ಮಿ.ಮೀ. ಬದಲಾದರೆ ಹೆಡ್ ಕೋನ (ಫೋರ್ಕಿನ ಓರೆ) ಸರಿಸುಮಾರು 1 ಡಿಗ್ರಿ ಬದಲಾಗುತ್ತದೆ. ಅಂದರೆ ಕಾಗದದ ಮೇಲಿನ 65 ಡಿಗ್ರಿ ಹೆಡ್ ಕೋನ ಸವಾರಿಯಲ್ಲಿ 66ರ ಮೇಲೆ ಹೋಗುತ್ತದೆ. ಸೀಟ್ ಕೋನವೂ ಅಷ್ಟೇ ಕಡಿದಾಗುತ್ತದೆ, ಬಿಬಿ 8 ರಿಂದ 9 ಮಿ.ಮೀ. ಕೆಳಗಿಳಿಯುತ್ತದೆ. ಎರಡೂ ಕಡೆ ಕುಸಿಯುವ ಫುಲ್ ಸಸ್ಪೆನ್ಷನ್ ಬೈಕಿನ ಅಂಕಿಗಳನ್ನು ಹಾಗೇ ನಕಲು ಮಾಡಿಸಿದರೆ ಆಗುವ ತೊಂದರೆ ಇದೇ: ಸೀಟ್ ಕೋನ ಅತಿ ಕಡಿದಾಗಿ, ಸಮತಟ್ಟು ದಾರಿಯಲ್ಲಿ ಭಾರವೆಲ್ಲ ಅಂಗೈಗೆ ಬೀಳುತ್ತದೆ.

ಇದೇ ಲೆಕ್ಕದಲ್ಲಿ ಅಡಗಿರುವ ಇನ್ನೊಂದು ತಪ್ಪು ಹೆಡ್‌ಸೆಟ್ಟಿನದು, ಅಂದರೆ ಫೋರ್ಕ್ ತಿರುಗುವ ಬೇರಿಂಗ್ ಕಪ್ಪುಗಳದು. ಟೇಪರ್ ಸ್ಟಿಯರರ್ (ಕೆಳಗೆ ದಪ್ಪಗಾಗುವ ಕಾಂಡ) ಇರುವ ಫೋರ್ಕಿಗೆ ಸ್ಟೀಲ್ ಫ್ರೇಮಿನಲ್ಲಿ ಸಾಮಾನ್ಯವಾಗಿ 44 ಮಿ.ಮೀ. ಒಳವ್ಯಾಸದ ಹೆಡ್ ಟ್ಯೂಬ್ ಹಾಕುತ್ತಾರೆ. ಮೇಲಿನ ಕಪ್ ಒಳಗೆ ಕೂರುತ್ತದೆ, ಕೆಳಗಿನದು ಹೊರಗೆ ಉಳಿಯುತ್ತದೆ. ಆ ಕೆಳಗಿನ ಕಪ್ಪಿನ ಎತ್ತರ ಸುಮಾರು 12 ಮಿ.ಮೀ. ಅದನ್ನು ಫೋರ್ಕಿನ ಉದ್ದಕ್ಕೆ ಸೇರಿಸದೆ ನಕ್ಷೆ ಎಳೆದಿದ್ದರೆ ಹೆಡ್ ಕೋನ ಅರ್ಧ ಡಿಗ್ರಿಗೂ ಹೆಚ್ಚು ತಪ್ಪುತ್ತದೆ. ಡ್ರಾಯಿಂಗಿನಲ್ಲಿ ಆ ಕಪ್ ಕಾಣದಿದ್ದರೆ ಸಹಿ ಹಾಕಬೇಡಿ. ಫೋರ್ಕ್ ಕ್ರೌನ್ ತಿರುಗಿದಾಗ ಅದರ ಗುಬ್ಬಿಗಳು ಡೌನ್ ಟ್ಯೂಬಿಗೆ ತಾಗುತ್ತವೆಯೇ ಎಂಬುದನ್ನೂ ಈ ಹಂತದಲ್ಲೇ ಕೇಳಿ. ತಾಗುವಂತಿದ್ದರೆ ಡೌನ್ ಟ್ಯೂಬನ್ನು ಮುಂದೆ ಸ್ವಲ್ಪ ಬಗ್ಗಿಸಬೇಕು, ಇಲ್ಲವೇ ಹೆಡ್ ಟ್ಯೂಬನ್ನು ಉದ್ದ ಮಾಡಬೇಕು. ಬೆಸುಗೆ ಆದ ಮೇಲೆ ಅದಕ್ಕೆ ಪರಿಹಾರವಿಲ್ಲ.

ಈಗ ನಿಜವಾದ ಕಸುಬು ಇರುವ ಜಾಗಕ್ಕೆ ಬರೋಣ. 29 ಇಂಚಿನ ಚಕ್ರ, 2.4ರ ಟೈರು, 430 ಮಿ.ಮೀ. ಚೈನ್‌ಸ್ಟೇ (ಬಿಬಿಯಿಂದ ಹಿಂದಿನ ಚಕ್ರದ ಅಚ್ಚಿಗೆ ಹೋಗುವ ಟ್ಯೂಬ್). ಟೈರಿನ ತ್ರಿಜ್ಯ ಸುಮಾರು 371 ಮಿ.ಮೀ. ಅಂದಮೇಲೆ ಬಿಬಿಯ ನಡುವಿನಿಂದ ಟೈರಿನ ಮೂತಿಗೆ ಉಳಿಯುವುದು 59 ಮಿ.ಮೀ. 32 ಹಲ್ಲಿನ ಚೈನ್‌ರಿಂಗಿನ ಹೊರ ತ್ರಿಜ್ಯವೇ 67ರ ಹತ್ತಿರ. ಅಂದರೆ ಪಕ್ಕದಿಂದ ನೋಡಿದರೆ ಚೈನ್‌ರಿಂಗ್ ಟೈರಿನ ಮೇಲೆ ಹಾದುಹೋಗುತ್ತದೆ, ಬಲಗಡೆಯ ಚೈನ್‌ಸ್ಟೇ ಅವೆರಡರ ನಡುವೆ ನುಸುಳಬೇಕು. ಚೈನ್‌ರಿಂಗಿನ ಹಲ್ಲುಗಳು ಮಧ್ಯರೇಖೆಯಿಂದ 52 ಮಿ.ಮೀ. ದೂರದಲ್ಲಿವೆ, ಟೈರಿನ ಅರ್ಧ ಅಗಲ 30ರ ಮೇಲೆ. ಕೆಸರಿಗೆಂದು 6 ಮಿ.ಮೀ., ಚೈನ್‌ರಿಂಗಿಗೆಂದು 3 ಮಿ.ಮೀ. ಬಿಟ್ಟರೆ ಚೈನ್‌ಸ್ಟೇಗೆ ಸಿಗುವುದು 12 ಮಿ.ಮೀ. ಆಸುಪಾಸು. ಅದರ ಟ್ಯೂಬಿನ ವ್ಯಾಸ ಇದರ ಹೆಚ್ಚುಕಡಿಮೆ ಎರಡರಷ್ಟು.

ಇದಕ್ಕೆ ಇರುವ ದಾರಿಗಳಲ್ಲಿ ಅಗ್ಗದ್ದು ಟ್ಯೂಬನ್ನು ಎರಡೂ ಕಡೆ ಒತ್ತಿ ಚಪ್ಪಟೆ ಮಾಡುವುದು. ಒತ್ತು ಆಳವಾದಷ್ಟೂ ಅಡ್ಡ ಬಿಗುವು ಹೋಗುತ್ತದೆ, ಜೋರಾಗಿ ತುಳಿದಾಗ ಟೈರು ಚೈನ್‌ಸ್ಟೇಗೆ ಉಜ್ಜುತ್ತದೆ. ಎರಡನೆಯದು ಬಿಬಿಗೆ ಅಂಟಿಸಿದ ಯೋಕ್, ಅಂದರೆ ದಪ್ಪ ಸ್ಟೀಲ್ ಪಟ್ಟಿ ಅಥವಾ ಕಡೆದು ಮಾಡಿದ ತುಂಡು. ತೂಕ ತುಸು ಹೆಚ್ಚು, ಆದರೆ ನಮ್ಮ ಮತ ಇದಕ್ಕೇ. ಮೂರನೆಯದು 55 ಮಿ.ಮೀ. ಚೈನ್‌ಲೈನ್ (ಮಧ್ಯರೇಖೆಯಿಂದ ಚೈನ್‌ರಿಂಗಿಗೆ ಇರುವ ದೂರ). ಶಿಮಾನೊ ಎಸ್‌ಎಲ್‌ಎಕ್ಸ್‌ನಲ್ಲಿ ಎಂ7100 ಕ್ರ್ಯಾಂಕ್ 52ರದು, ಎಂ7120 ಕ್ರ್ಯಾಂಕ್ 55ರದು. 3 ಮಿ.ಮೀ. ಪುಕ್ಕಟೆ ಸಿಕ್ಕಂತೆ ಕಂಡರೂ ಪೆಡಲ್‌ಗಳ ಅಂತರ 6 ಮಿ.ಮೀ. ಅಗಲವಾಗುತ್ತದೆ, 51 ಹಲ್ಲಿನ ದೊಡ್ಡ ಗೇರಿನಲ್ಲಿ ಚೈನು ಇನ್ನಷ್ಟು ಓರೆಯಾಗುತ್ತದೆ. ಯಾವ ಕ್ರ್ಯಾಂಕ್, ಎಷ್ಟು ಹಲ್ಲು, ಯಾವ ಟೈರು ಎಂದು ಮೊದಲೇ ಬರೆದುಕೊಡದೆ 425 ಮಿ.ಮೀ. ಚೈನ್‌ಸ್ಟೇ ಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. 435 ಇಟ್ಟರೆ ಅರ್ಧ ಸಮಸ್ಯೆ ತಾನಾಗಿ ಕರಗುತ್ತದೆ, ಏರಿನಲ್ಲಿ ಮುಂದಿನ ಚಕ್ರವೂ ನೆಲ ಬಿಡುವುದಿಲ್ಲ.

ಹಿಂದಿನ ಡ್ರಾಪ್‌ಔಟ್ (ಚಕ್ರದ ಆಕ್ಸಲ್ ಕೂರುವ ತುದಿ) 148×12ರ ಬೂಸ್ಟ್ ಅಳತೆಯದಿರಲಿ, ಯುಡಿಎಚ್ ಹ್ಯಾಂಗರ್ (ಹಿಂದಿನ ಗೇರ್ ಡಿರೇಲರ್ ತೂಗುವ ತುಂಡು) ಕೂರುವಂತಿರಲಿ. ಸ್ರ್ಯಾಮ್ 2019ರಲ್ಲಿ ತಂದ ಈ ಹ್ಯಾಂಗರ್ ಈಗ ಎಲ್ಲೆಡೆ ಸಿಗುತ್ತದೆ, ಆ ಕಂಪನಿಯ ಟ್ರಾನ್ಸ್‌ಮಿಷನ್ ಗೇರುಗಳಿಗೆ ಇದು ಕೂರುವಂಥ ಡ್ರಾಪ್‌ಔಟ್ ಬೇಕೇ ಬೇಕು. ಬ್ರೇಕ್ ಕೂರಿಸಲು ಫ್ರೇಮಿನಲ್ಲೇ ಥ್ರೆಡ್ ಇರುವ ಪೋಸ್ಟ್ ಮೌಂಟ್‌ಗಿಂತ ಬರೀ ತೂತುಗಳಿರುವ ಐಎಸ್ ಟ್ಯಾಬ್ ಮೇಲು: ಅದರಲ್ಲಿ ಥ್ರೆಡ್ ಇರುವುದು ಅಡಾಪ್ಟರಿನಲ್ಲಿ, ಹಾಳಾದರೆ ಅಡಾಪ್ಟರ್ ಬದಲಿಸಿದರಾಯಿತು, ಫ್ರೇಮಿಗೆ ಏನೂ ಆಗದು. ಸೀಟ್ ಟ್ಯೂಬ್ 34.9 ಮಿ.ಮೀ. ಹೊರವ್ಯಾಸ, 1.65 ಗೋಡೆ ಇದ್ದರೆ ಒಳಗೆ 31.6ರ ಡ್ರಾಪರ್ ಪೋಸ್ಟ್ (ಓಡಿಸುವಾಗಲೇ ಸೀಟನ್ನು ಇಳಿಸಿ ಏರಿಸುವ ಕಂಬ) ಸರಿಯಾಗಿ ಕೂರುತ್ತದೆ. ಚೈನ್‌ಸ್ಟೇ ಗಿಡ್ಡ ಮಾಡಲು ಸೀಟ್ ಟ್ಯೂಬ್ ಬಗ್ಗಿಸಿದರೆ ಪೋಸ್ಟ್ ಬಾಗಿನ ತನಕ ಮಾತ್ರ ಇಳಿಯುತ್ತದೆ. ಬಾಟಲ್ ಬೋಲ್ಟಿನ ತುದಿ ಒಳಗೆ ಚಾಚಿದ್ದರೆ ಅಲ್ಲೇ ನಿಲ್ಲುತ್ತದೆ. ಪೋಸ್ಟಿನ ಪೂರ್ತಿ ಉದ್ದವನ್ನು ಕೇಬಲ್ ತಿರುವಿನ ಸಮೇತ ನಕ್ಷೆಯಲ್ಲಿ ಗುರುತಿಸಿಸಿ.

ಫ್ರೇಮ್ ಕೈಗೆ ಬಂದಾಗ ಬೆಸುಗೆಯ ಅಂದ ನೋಡಿ ಮರುಳಾಗುವುದು ಸಹಜ. ಟಿಗ್ ಬೆಸುಗೆಯ ಸಾಲು ಒಂದೇ ಸಮನಾಗಿರುವುದು ಒಳ್ಳೆಯ ಲಕ್ಷಣವೇ, ಆದರೆ ಶಾಖ ಎಳೆದು ತಿರುಚಿದ್ದು ಹೊರಗೆ ಕಾಣುವುದಿಲ್ಲ. ಬಿಬಿ ಕಪ್ಪನ್ನು ಬೆರಳಿನಲ್ಲೇ ತಿರುಗಿಸಿ ನೋಡಿ (ಚೈನಿನ ಕಡೆಯದು ಎಡಕ್ಕೆ ಬಿಗಿಯುವ ಥ್ರೆಡ್). ನಾಲ್ಕೈದು ಸುತ್ತು ಸರಾಗವಾಗಿ ಹೋಗಬೇಕು. ಮೊದಲ ಸುತ್ತಿಗೇ ಸ್ಪ್ಯಾನರ್ ಬೇಕಾದರೆ ಬೆಸುಗೆಯ ನಂತರ ಥ್ರೆಡ್ಡನ್ನು ಮತ್ತೆ ಕೊರೆದಿಲ್ಲ ಎಂದರ್ಥ. ಸೀಟ್ ಪೋಸ್ಟಿಗೆ ಗ್ರೀಸ್ ಸವರಿ ಇಳಿಬಿಡಿ; ಟಾಪ್ ಟ್ಯೂಬ್ ಸೇರುವ ಜಾಗದಲ್ಲಿ ಹಿಡಿದುಕೊಂಡರೆ ಅಲ್ಲಿ ಟ್ಯೂಬ್ ಅಂಡಾಕಾರವಾಗಿದೆ, ರೀಮ್ ಮಾಡಿಸಬೇಕು. ಅದನ್ನು ಬಿಟ್ಟು ಕ್ಲ್ಯಾಂಪ್ ಬಿಗಿದರೆ ಡ್ರಾಪರ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ತಪ್ಪು ಪೋಸ್ಟಿನದ್ದೆಂದು ಜನ ಭಾವಿಸುತ್ತಾರೆ. ಚಕ್ರವನ್ನು ಹಾಕಿ ಎರಡೂ ಬದಿ ಚೈನ್‌ಸ್ಟೇಗೆ ಇರುವ ಅಂತರ ಅಳೆಯಿರಿ, ಆಮೇಲೆ ಚಕ್ರವನ್ನು ತಿರುಗಿಸಿ ಹಾಕಿ ಮತ್ತೆ ಅಳೆಯಿರಿ. ವಾಲುವಿಕೆ ಚಕ್ರದ ಜೊತೆ ಬದಿ ಬದಲಿಸಿದರೆ ತಪ್ಪು ಚಕ್ರದ ಕಟ್ಟಿನದು. ಇದ್ದ ಬದಿಯಲ್ಲೇ ಉಳಿದರೆ ಫ್ರೇಮಿನದು.

ಪೌಡರ್ ಕೋಟಿಂಗ್ ಮಾಡಿಸುವಾಗ ಹೆಡ್ ಟ್ಯೂಬಿನ ಒಳಗೆ, ಬಿಬಿ ಅಂಚು, ಡ್ರಾಪ್‌ಔಟಿನ ಒಳಮೈ, ಬ್ರೇಕ್ ಟ್ಯಾಬ್ ಇಷ್ಟನ್ನು ಮುಚ್ಚಿಸಲೇಬೇಕು. ಆಕ್ಸಲ್ ಕೂರುವ ಜಾಗದಲ್ಲಿ ಬಣ್ಣ ಉಳಿದರೆ ಅದು ಒತ್ತಡಕ್ಕೆ ಕುಗ್ಗಿ ಆಕ್ಸಲ್ ಸಡಿಲವಾಗುತ್ತದೆ, ಪೆಡಲ್ ತುಳಿದಾಗಲೆಲ್ಲ ಕಿರ್ ಎನ್ನುತ್ತದೆ. ಒಳಗಿನ ತುಕ್ಕಿಗೆ ಬಣ್ಣ ಏನೂ ಮಾಡದು. ಬೆಸುಗೆಗೆಂದು ಬಿಟ್ಟ ಗಾಳಿ ತೂತುಗಳಿಂದ ತುಕ್ಕುನಿರೋಧಕ ಎಣ್ಣೆ ಸುರಿದು, ಫ್ರೇಮನ್ನು ಎಲ್ಲಾ ಬದಿಗೂ ಹೊರಳಿಸಿ, ಬಿಬಿಯ ಅಡಿಯ ತೂತಿನಿಂದ ಹೆಚ್ಚಿನದ್ದನ್ನು ಬಸಿದು, ಒಂದು ರಾತ್ರಿ ಒಣಗಲು ಬಿಡಬೇಕು. ಬಿಬಿಯ ಅಡಿಯಲ್ಲಿ ತೂತೇ ಇಲ್ಲದಿದ್ದರೆ ಕೊರೆಸಿಕೊಳ್ಳಿ.

ಜೋಡಣೆಯಲ್ಲಿ ವಿಶೇಷವೇನಿಲ್ಲ: ಶಿಮಾನೊ ಬಿಬಿ ಕಪ್ಪಿಗೆ 35 ರಿಂದ 50 ನ್ಯೂಟನ್ ಮೀಟರ್, ಕ್ರ್ಯಾಂಕಿನ ಎರಡು ಬೋಲ್ಟುಗಳಿಗೆ 12 ರಿಂದ 14, ಟ್ಯೂಬ್‌ಲೆಸ್ ಟೈರಿಗೆ ತಲಾ ಸುಮಾರು 100 ಮಿ.ಲೀ. ಸೀಲಂಟ್.

ಫ್ರೇಮ್ ಮಾತ್ರವೇ 2.2 ರಿಂದ 2.8 ಕಿಲೋ ತೂಗುತ್ತದೆ. ಗ್ರಾಂ ಲೆಕ್ಕ ಹಾಕುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ, ಸಿದ್ಧ ಅಳತೆಗಳಲ್ಲೇ ಹಾಯಾಗಿ ಕೂರುವವರು ಅಂಗಡಿಯ ಸಿದ್ಧ ಸ್ಟೀಲ್ ಫ್ರೇಮ್ ಕೊಂಡರೂ ನಷ್ಟವಿಲ್ಲ. ಉದ್ದ ಕಾಲು ಗಿಡ್ಡ ಮೈಯವರಿಗೆ, ಬಹಳ ಎತ್ತರ ಅಥವಾ ಬಹಳ ಕುಳ್ಳಗಿರುವವರಿಗೆ, ಒಂದೇ ಫ್ರೇಮನ್ನು ಹತ್ತು ವರ್ಷ ಓಡಿಸುವ ಮನಸ್ಸಿನವರಿಗೆ ನಾವು ಧೈರ್ಯವಾಗಿ ಹೇಳುತ್ತೇವೆ, ಕಟ್ಟಿಸಿ. ಬಿರುಕು ಬಿಡುವುದಾದರೆ ಡೌನ್ ಟ್ಯೂಬ್ ಹೆಡ್ ಟ್ಯೂಬಿಗೆ ಸೇರುವ ಅಡಿಯಲ್ಲಿ, ಸೀಟ್ ಟ್ಯೂಬಿನ ಸೀಳು ಮುಗಿಯುವಲ್ಲಿ, ಅಥವಾ ಬ್ರೇಕಿನ ಎಳೆತ ಬೀಳುವ ಎಡಗಡೆಯ ಸ್ಟೇಗಳಲ್ಲಿ ಮೊದಲು ಬಿಡುತ್ತದೆ. ತೊಳೆದಾಗಲೆಲ್ಲ ಅಲ್ಲಿ ಬೆರಳಾಡಿಸಿ; ಬಣ್ಣದ ಮೇಲೆ ಕೂದಲೆಳೆಯಂತೆ ಕಂದು ಗೆರೆ ಕಂಡರೆ ಸವಾರಿ ನಿಲ್ಲಿಸಿ, ಫ್ರೇಮನ್ನು ಕಟ್ಟಿದವರ ಬಳಿಗೇ ಒಯ್ಯಿರಿ. ಆ ಒಂದು ಟ್ಯೂಬನ್ನು ಕತ್ತರಿಸಿ ಹೊಸದು ಕೂರಿಸಬಹುದು, ಉಳಿದ ಫ್ರೇಮ್ ಹಾಗೇ ಇರುತ್ತದೆ.