ಕೆಲಸ ಹೋದವರಿಗೆ ಸರಿ, ಅರ್ಧ ಕೆಲಸದವರಿಗೆ? ಇಎಸ್‌ಐ ನಿರುದ್ಯೋಗ ಪರಿಹಾರದ ವಿಮರ್ಶೆ

ತಿಂಗಳ ವೇತನ 21,000 ರೂಪಾಯಿ ಮೀರದ ನೌಕರರು ಸಂಬಳದ ಶೇ. 0.75ರಷ್ಟನ್ನೂ ಅವರ ಮಾಲೀಕರು ಶೇ. 3.25ರಷ್ಟನ್ನೂ ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, ವಂತಿಗೆಯಾಗಿ ಕಟ್ಟುತ್ತಾರೆ. ಇದರಿಂದ ಆಸ್ಪತ್ರೆಯ ಸೌಲಭ್ಯ ಸಿಗುತ್ತದೆಂದು ಪೀಣ್ಯದ ವರ್ಕ್‌ಶಾಪುಗಳಲ್ಲೂ ಗಾರ್ಮೆಂಟ್ಸ್‌ಗಳಲ್ಲೂ ಎಲ್ಲರಿಗೂ ಗೊತ್ತು. ಕೆಲಸ ಹೋದಾಗ ನಗದು ಪರಿಹಾರವೂ ಉಂಟೆಂಬುದು ಅಷ್ಟಾಗಿ ಪ್ರಚಾರವಾಗಿಲ್ಲ. ಈ ಪರಿಹಾರಕ್ಕೆಂದು 2018ರ ಜುಲೈ 1ರಂದು ಪ್ರಾಯೋಗಿಕವಾಗಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯು ಆರ್ಥಿಕ ಹಿಂಜರಿತದ ಕಾಲದಲ್ಲಿ ಎಷ್ಟರಮಟ್ಟಿಗೆ ನೆರವಿಗೆ ಬರುತ್ತದೆ ಎಂಬ ಒಂದೇ ಪ್ರಶ್ನೆಯಿಂದ ಅದರ ನಿಯಮಗಳನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಮೂಲ ರೂಪದಲ್ಲಿ ಅದು ಸಾಕಷ್ಟು ಜಿಪುಣ ಯೋಜನೆಯಾಗಿತ್ತು. ಸರಾಸರಿ ದಿನಗೂಲಿಯ ಶೇ. 25ರಷ್ಟು ಮಾತ್ರ ಪರಿಹಾರ, ಅದಕ್ಕೂ ಮೂರು ತಿಂಗಳ ಕಾಯುವಿಕೆ, ಅರ್ಜಿಯೂ ಹಳೆಯ ಮಾಲೀಕರ ಮೂಲಕವೇ ಹೋಗಬೇಕು. ಕೆಲಸದಿಂದ ತೆಗೆದವರ ಬಳಿಗೇ ಮತ್ತೆ ಕಾಗದ ಹಿಡಿದು ಹೋಗಬೇಕೆಂಬ ಆ ನಿಯಮವನ್ನು ಯಾರು ಯೋಚಿಸಿದರೋ! ಕೋವಿಡ್ ಕಾಲದಲ್ಲಿ, 2020ರಲ್ಲಿ, ಪರಿಹಾರವನ್ನು ಶೇ. 50ಕ್ಕೆ ಏರಿಸಿ, ಕಾಯುವ ಅವಧಿಯನ್ನು 30 ದಿನಗಳಿಗೆ ಇಳಿಸಿ, ನೌಕರರು ನೇರವಾಗಿ ಅರ್ಜಿ ಸಲ್ಲಿಸಲು ಅವಕಾಶ ಕೊಡಲಾಯಿತು. ಮುಂದೆ ಅರ್ಜಿಯೊಂದಿಗೆ ಅಫಿಡವಿಟ್ ಕೊಡುವ ಕಾಟವೂ ತಪ್ಪಿತು. ಈ ಸುಧಾರಣೆಗಳು ನಿಜವಾಗಿಯೂ ಮೆಚ್ಚತಕ್ಕವು. ಆದರೂ ಪರಿಹಾರ ಗರಿಷ್ಠ 90 ದಿನಗಳಿಗೆ, ಅದೂ ಜೀವಮಾನದಲ್ಲಿ ಒಮ್ಮೆ ಮಾತ್ರ.

ನನ್ನ ಮುಖ್ಯ ಆಕ್ಷೇಪ ಬೇರೆಯದು. ಹಿಂಜರಿತ ಬಂದಾಗ ಕೆಲಸ ಒಂದೇ ಏಟಿಗೆ ಹೋಗುವುದು ಕಡಿಮೆ. ಮೊದಲು ಓಟಿ (ಹೆಚ್ಚುವರಿ ಗಂಟೆಗಳ ಕೆಲಸ) ನಿಲ್ಲುತ್ತದೆ, ಆಮೇಲೆ ಒಂದು ಶಿಫ್ಟು, ಬಳಿಕ ವಾರದಲ್ಲಿ ಮೂರು ದಿನ ಬಂದರೆ ಸಾಕೆಂಬ ಮಾತು. ಈ ಅರೆಕೆಲಸದ ಅವಧಿಗೆ ಯೋಜನೆಯಲ್ಲಿ ಒಂದು ಪೈಸೆಯೂ ಇಲ್ಲ. ಸಾಲದ್ದಕ್ಕೆ, ಮುಂದೆ ಸಿಗಬೇಕಾದ ಪರಿಹಾರವನ್ನೂ ಅದು ಕರಗಿಸುತ್ತದೆ. ಏಕೆಂದರೆ ಸರಾಸರಿ ದಿನಗೂಲಿ ಎಂದರೆ ಹಿಂದಿನ ನಾಲ್ಕು ವಂತಿಗೆ ಅವಧಿಗಳ, ಅಂದರೆ ಎರಡು ವರ್ಷಗಳ, ಒಟ್ಟು ಗಳಿಕೆಯನ್ನು 730ರಿಂದ ಭಾಗಿಸಿ ಬರುವ ಮೊತ್ತ. ಎರಡೂ ವರ್ಷ ತಿಂಗಳಿಗೆ 18,000 ರೂಪಾಯಿ ದುಡಿದು ಕೆಲಸ ಕಳೆದುಕೊಂಡವರಿಗೆ 90 ದಿನಗಳಲ್ಲಿ ಸುಮಾರು 26,600 ರೂಪಾಯಿ ಬರುತ್ತದೆ. ಎರಡನೆಯ ವರ್ಷವಿಡೀ ಅರ್ಧ ಸಂಬಳಕ್ಕೆ ದುಡಿದು, ಕಂಪನಿ ಉಳಿಯಲೆಂದು ಸಹಿಸಿಕೊಂಡು, ಕೊನೆಗೂ ಕೆಲಸ ಕಳೆದುಕೊಂಡವರಿಗೆ ಬರುವುದು 20,000ಕ್ಕಿಂತ ತುಸು ಕಡಿಮೆ. ಹೆಚ್ಚು ಕಷ್ಟಪಟ್ಟವರಿಗೇ ಕಡಿಮೆ ನೆರವು.

ಅರ್ಹತೆಗೂ ಇದೇ ತೊಡಕು. ಕೆಲಸ ಹೋಗುವ ಮೊದಲಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು. ಆರು ತಿಂಗಳೆಂದರೆ 26 ವಾರ. ವಾರಕ್ಕೆ ಮೂರು ದಿನ ತಪ್ಪದೆ ಸಿಕ್ಕರೆ ಕರಾರುವಾಕ್ಕಾಗಿ 78. ಒಂದು ದಿನ ತಪ್ಪಿದರೂ ಬಾಗಿಲು ಮುಚ್ಚಿತು.

ಮಾಲೀಕರ ಕಡೆಯಿಂದ ನೋಡಿದರೆ ಈ ಯೋಜನೆಯಲ್ಲಿ ಅವರಿಗೆ ಏನೂ ಇಲ್ಲ. ಹತ್ತಾರು ಜನರಿರುವ ಸಣ್ಣ ಕಾರ್ಖಾನೆಯವರು ನುರಿತ ಟರ್ನರ್ ಅಥವಾ ಟೈಲರ್‌ಗಳನ್ನು ಉಳಿಸಿಕೊಳ್ಳಲು ಬಯಸಿದರೂ ಸಂಬಳವನ್ನು ಕೈಯಿಂದಲೇ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆ ರೂಪಿಸಿದ ಲೇಆಫ್ (ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಕೂರಿಸುವುದು) ಪರಿಹಾರವೂ, ಅಂದರೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ, ಮಾಲೀಕರ ಜೇಬಿನಿಂದಲೇ ಹೋಗುತ್ತಿತ್ತು; 50ಕ್ಕಿಂತ ಕಡಿಮೆ ಕಾರ್ಮಿಕರಿದ್ದ ಘಟಕಗಳಿಗೆ ಅದು ಅನ್ವಯಿಸುತ್ತಲೇ ಇರಲಿಲ್ಲ. ಜರ್ಮನಿಯ ಕುರ್ಟ್ಸ್‌ಆರ್ಬೈಟ್ ಪದ್ಧತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಕೆಲಸದ ಗಂಟೆ ಇಳಿದಾಗ, ನಷ್ಟವಾದ ನಿವ್ವಳ ವೇತನದ ಶೇ. 60ರಷ್ಟನ್ನು, ಮಕ್ಕಳಿರುವವರಿಗೆ ಶೇ. 67ರಷ್ಟನ್ನು ಸರ್ಕಾರಿ ಉದ್ಯೋಗ ಸಂಸ್ಥೆ ಭರಿಸುತ್ತದೆ; ಅರ್ಜಿ ಹಾಕುವವರು ಮಾಲೀಕರು, ಕಾರ್ಮಿಕರು ಹಾಜರಿ ಪುಸ್ತಕದಲ್ಲೇ ಉಳಿಯುತ್ತಾರೆ. 2009ರ ಹಿಂಜರಿತದಲ್ಲೂ 2020ರಲ್ಲೂ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಲಾಯಿತು. ಅಷ್ಟು ಹಣ ನಮ್ಮಲ್ಲಿ ಇಲ್ಲವೆನ್ನಬಹುದು. ಆದರೆ 730ರ ಬದಲು ಕೆಲಸ ಮಾಡಿದ ದಿನಗಳಿಂದ ಭಾಗಿಸಲು ಜರ್ಮನಿಯ ಖಜಾನೆ ಬೇಕಿಲ್ಲ.

ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್‌ಮೆಂಟ್ (ಹೆಚ್ಚುವರಿ ಸಿಬ್ಬಂದಿಯೆಂದು ತೆಗೆಯುವುದು) ಆಗಿ ಕೆಲಸ ಹೋಗಿದ್ದರೆ, 2005ರಿಂದಿರುವ, ಇಎಸ್‌ಐನದೇ ಆದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯ ಅರ್ಹತೆಯನ್ನು ಮೊದಲು ವಿಚಾರಿಸುವುದು ಒಳಿತು, ಏಕೆಂದರೆ ಅದರಲ್ಲಿ ಪರಿಹಾರದ ಅವಧಿ 24 ತಿಂಗಳವರೆಗೂ ಇದೆ. ಉಳಿದವರಿಗೆ ಅಟಲ್ ಯೋಜನೆಯನ್ನು ಶಿಫಾರಸು ಮಾಡುತ್ತೇನೆ. ವಾರಕ್ಕೆ ಎರಡು-ಮೂರು ದಿನದ ಕೆಲಸದಲ್ಲಿರುವವರು ಮಾತ್ರ ತಮ್ಮ ಹೆಸರಿನಲ್ಲಿ ಎಷ್ಟು ದಿನಗಳ ವಂತಿಗೆ ದಾಖಲಾಗಿದೆ ಎಂಬುದನ್ನು ಕೆಲಸ ಇರುವಾಗಲೇ ಇಎಸ್‌ಐ ಪೋರ್ಟಲ್‌ನಲ್ಲಿ ನೋಡಿಟ್ಟುಕೊಳ್ಳಬೇಕು.